ದಾರದ ನಂಬರಿನಲ್ಲಿ ಗಾಳಿ ಅಳೆದ ಮಾವ

ಅಂಗಿಯ ಅಳತೆ ತೆಗೆಯುವುದನ್ನು ಬಿಟ್ಟು ಗಾಳಿಯ ಅಳತೆ ತೆಗೆಯಲು ಹೊರಟ ಟೇಲರ್ ನಮ್ಮ ಜಿಲ್ಲೆಯಲ್ಲಿ ಒಬ್ಬನೇ ಇದ್ದ. ನನ್ನ ಹಣೆಬರಹ ನೋಡಿ, ಅವನು ನನ್ನ ಸೋದರಮಾವನೇ ಆಗಬೇಕೇ!

ಅದಿರಿನ ಲಾರಿಗಳು ಅಂಕೋಲೆಯ ಕಡೆಯಿಂದ ಕಾರವಾರದ ಬಂದರಿಗೆ ಹಗಲು ರಾತ್ರಿ ಓಡುತ್ತಿದ್ದ ಕಾಲ. ಮಾವನ ಮನೆ ಅಮದಳ್ಳಿಯಲ್ಲಿ, ಹೆದ್ದಾರಿಗೆ ತಾಗಿಕೊಂಡೇ ಇತ್ತು. ಲಾರಿಗಳ ಮೇಲೆ ತಾಡಪಾಲು ಹೊದಿಸಬೇಕೆಂಬ ನಿಯಮವಿತ್ತು. ಅದು ನಿಯಮವಾಗಿಯೇ ಇತ್ತು. ಕೆಂಪು ಧೂಳು ನೇರ ಅಡಿಗೆಮನೆಗೇ ಬರುತ್ತಿತ್ತು. ಅತ್ತೆಗೆ ಕೆಮ್ಮು ಹಿಡಿದದ್ದು ಆಗಲೇ. ಡಾಕ್ಟರು ಥಂಡಿ ಅಂದರು. ಮಾವ ಧೂಳು ಅಂದ. ಹಾಗೆಂದು ಸಾಬೀತುಮಾಡಿ ತೋರಿಸಿದರೆ ಲಾರಿಗಳಿಗೆ ತಾಡಪಾಲು ಬೀಳುತ್ತದೆ, ಹೆಂಡತಿ ಉಸಿರಾಡುತ್ತಾಳೆ ಎಂಬುದು ಅವನ ನಂಬಿಕೆ. ಎಂಥ ಭೋಳೆ ಮನುಷ್ಯ!

ಅವನ ಪದ್ಧತಿ ಕೇಳಿ. ದಿನಾ ಬೆಳಿಗ್ಗೆ ಒಂದು ಗೇಣು ಬಿಳಿ ಪಾಪ್ಲಿನ್ ತುಂಡನ್ನು ಅಂಗಳದ ತಂತಿಗೆ ನೇತುಹಾಕುವುದು. ಅದಕ್ಕೂ ನಾಲ್ಕೂ ಕಡೆ ಅಂಚು ಮಡಚಿ ಹೊಲಿಗೆ! ಸಂಜೆ ಅದನ್ನು ಇಳಿಸಿ, ದಾರದ ಉಂಡೆಗಳ ಪೆಟ್ಟಿಗೆ ತೆಗೆದು, ಬಟ್ಟೆಗೆ ಹಿಡಿದ ಕೆಂಪು ಯಾವ ದಾರಕ್ಕೆ ಸರಿಹೊಂದುತ್ತದೆಂದು ನೋಡುವುದು. ಆ ದಾರದ ನಂಬರೇ ಅಂದಿನ ಗಾಳಿ. ಬಸ್ಸಿಗೆ ನಿಂತವರು ಕೆಣಕುತ್ತಿದ್ದರು, "ಟೇಲರ್ರೇ, ಇವತ್ತು ಎಷ್ಟನೇ ನಂಬರು?" ಮಾವ ಗಂಭೀರವಾಗಿ, "ಹದಿನೇಳು. ಮೂಗಿಗೆ ಬಟ್ಟೆ ಕಟ್ಕಳಿ" ಅನ್ನುತ್ತಿದ್ದ.

ಅರ್ಜಿ ಬರೆಯುವ ಕೆಲಸ ನನ್ನದು. ಪ್ರತಿ ಅರ್ಜಿಗೂ ಮಾವ ಬಟ್ಟೆಯ ತುಂಡನ್ನೂ ದಾರದ ಎಳೆಯನ್ನೂ ಹೊಲಿದು ಕೊಡುತ್ತಿದ್ದ. ಕಾರವಾರದ ಒಂದು ಕಚೇರಿಯಲ್ಲಿ ಸಾಹೇಬರೊಬ್ಬರು ಅದನ್ನು ಎತ್ತಿ ಹಿಡಿದು, "ಇದೇನ್ರೀ, ಬ್ಲೌಸಿಗೆ ಮ್ಯಾಚಿಂಗಾ?" ಎಂದರು. ಇಡೀ ಕೋಣೆ ನಕ್ಕಿತು. ನಾನೂ ನಕ್ಕೆ. ಆ ನಗುವಿಗೆ ಈಗಲೂ ನನಗೆ ನಾಚಿಕೆಯಿದೆ.

ಆದರೂ ಮಾವನ ಕಾಟ ತಾಳಲಾರದೆ ಕೊನೆಗೊಂದು ದಿನ ಯಂತ್ರ ಬಂತು! ಮನೆಯ ಹಾಗೆ ಮೇಲೆ ಮಾಡು ಇಟ್ಟ ತಗಡಿನ ಗೂಡು. ಗಾಳಿಯನ್ನು ಒಳಗೆಳೆದು ಧೂಳನ್ನು ಬಿಳಿ ಕಾಗದದ ಮೇಲೆ ಹಿಡಿಯುತ್ತದಂತೆ. "ನಮ್ಮದು ಬಟ್ಟೆ, ಅವ್ರದ್ದು ಕಾಗದ. ಮತ್ತೆಂತಾ ಫರಕು?" ಎಂದ ಮಾವ. ಮನೆಯ ಪ್ಲಗ್ಗಿಗೆ ಸಿಕ್ಕಿಸಿಕೊಂಡು ಒಂದು ಹಗಲು ಒಂದು ರಾತ್ರಿ ಅದು ಅಂಗಳದಲ್ಲಿ ಓಡಬೇಕು, ಯಾರೂ ಮುಟ್ಟಬಾರದು. "ನಾ ಇಲ್ಲಿದ್ರೆ ಕೈ ಸುಮ್ನಿರೂದಿಲ್ಲ. ನಾಳೆ ಟೇಲರನೇ ಮಣ್ಣು ಹಾಕ್ದ ಅಂತಾರೆ" ಎಂದು ಅವನು ತೋಡೂರಿನ ನಮ್ಮ ಮನೆಗೆ ಬಂದು ಕೂತ.

ಅಮದಳ್ಳಿಯ ಮನೆಯಲ್ಲಿ ಅತ್ತೆ ಒಬ್ಬಳೇ. ಸರಕಾರದ ಸಾಮಾನು, ನಂಬಿ ಬಿಟ್ಟು ಹೋಗಿದ್ದಾರೆ. ಅದರ ಮೇಲೆ ಧೂಳು ಕೂರುವುದನ್ನು ನೋಡುತ್ತ ಯಾವ ಮರ್ಯಾದಸ್ಥ ಹೆಂಗಸು ಸುಮ್ಮನಿರುತ್ತಾಳೆ? ತನ್ನ ಹಳೇ ಬಿಳಿ ನೂಲಿನ ಸೀರೆಯನ್ನು ನೀರಲ್ಲಿ ಅದ್ದಿ, ಹಿಂಡಿ, ಯಂತ್ರಕ್ಕೆ ಸುತ್ತಲೂ ಹೊದಿಸಿದಳು. ಒಣಗಿದಾಗಲೆಲ್ಲ ಮತ್ತೆ ಅದ್ದಿದಳು. ಮರುದಿನ ಸಾಹೇಬರು ಬರುವ ಮೊದಲು ಸೀರೆ ತೆಗೆದು, ಗೂಡನ್ನು ಫಳಫಳ ಒರೆಸಿ, ಬಂದವರಿಗೆ ಚಾ ಕೊಟ್ಟಳು.

ವರದಿ ಬಂತು: ಗಾಳಿ ಶುದ್ಧವಾಗಿದೆ.

ಅತ್ತೆಗೆ ಸಮಾಧಾನವಾಯಿತು. "ಹಾಗಾದ್ರೆ ನನ್ನ ಕೆಮ್ಮು ಥಂಡಿದ್ದೇ. ಸುಮ್ನೆ ಲಾರಿಯವ್ರಿಗೆ ಬೈದೆವು" ಎಂದವಳು ಯಂತ್ರವನ್ನು ತಾನು ಕಾಪಾಡಿದ ಕತೆಯನ್ನು ಹೆಮ್ಮೆಯಿಂದ ಹೇಳಿದಳು. ನನಗೆ ಮೈಯೆಲ್ಲ ಉರಿದುಹೋಯಿತು. ಮಾವ ಎದ್ದುಹೋಗಿ, ತೊಳೆದರೂ ಕೆಂಪು ಬಿಡದ ಆ ಸೀರೆಯನ್ನು ತಂದು ದಾರದ ಪೆಟ್ಟಿಗೆಯ ಮುಂದೆ ಕೂತ. ಅಷ್ಟು ಕೆಂಪಿನ ದಾರ ಅದರಲ್ಲಿ ಇರಲಿಲ್ಲ.

ಅತ್ತೆ ಒಳಗೆ ಹೋದ ಮೇಲೆ ಮಾವ ಮೆಲ್ಲಗೆ ಹೇಳಿದ, "ಬರಿ. ಯಂತ್ರ ಮತ್ತೊಮ್ಮೆ ತರ್ಬೇಕು. ಶಬ್ದ ಆಗ್ತದೆ ಅಂತ ರಾತ್ರಿ ಟೇಲರನೇ ಪ್ಲಗ್ಗು ಕಿತ್ತಿದ್ದ ಅಂತ ಬರಿ."

"ಸುಳ್ಳು ಯಾಕೆ ಮಾವಾ? ಸೀರೆ ಹೊದಿಸಿದ್ದನ್ನೇ ಬರೆಯೋಣ."

"ಬ್ಯಾಡ. ತನ್ನಿಂದ್ಲೇ ಕೆಟ್ಟಿತು ಅಂತ ಅವ್ಳಿಗೆ ಗೊತ್ತಾದ್ರೆ ಕೆಮ್ಮಿಗಿಂತ ಅದೇ ಅವ್ಳನ್ನ ಹೆಚ್ಚು ತಿಂತದೆ."

ಬರೆದೆ. ಸರಕಾರಿ ಕೆಲಸ ಕೆಡಿಸಿದವರ ಮನೆಗೆ ಯಂತ್ರ ಮತ್ತೆ ಬರುವುದಿಲ್ಲವೆಂಬ ಉತ್ತರ ಬಂತು. ಪ್ಲಗ್ಗು ಕಿತ್ತ ಟೇಲರನ ಕತೆ ಕಾರವಾರದಿಂದ ಅಂಕೋಲೆಯ ತನಕ ಓಡಿತು. ಲಾರಿಗಳೂ ಓಡಿದವು, ತಾಡಪಾಲಿಲ್ಲದೆ.

ಕತೆ ಅತ್ತೆಯ ಕಿವಿಗೂ ಬಿತ್ತು. ಅವಳ ಕೊನೆಯ ಮಳೆಗಾಲದಲ್ಲಿ ನಾನು ನೋಡಲು ಹೋದಾಗ, ದಿಂಬಿಗೆ ಒರಗಿಕೊಂಡೇ ದೂರಿದಳು. "ನೋಡು ನಿನ್ನ ಮಾವನ ಬುದ್ಧಿ. ಒಂದು ಕಣ ಧೂಳು ತಾಗದ ಹಾಗೆ ನಾ ಅಷ್ಟು ಜೋಪಾನ ಮಾಡಿದ್ದೆ. ಇವ್ರು ರಾತ್ರಿ ನಾ ಮಲಗಿದ ಮೇಲೆ ತೋಡೂರಿಂದ ಕದ್ದು ಬಂದು ಪ್ಲಗ್ಗು ಕೀಳೂದಾ?" ಎಂದು ನಗುತ್ತ ನಗುತ್ತಲೇ ಕೆಮ್ಮತೊಡಗಿದಳು.

ಮಾವ ಅವಳ ಬೆನ್ನು ನೀವುತ್ತಾ, "ತಪ್ಪಾಯ್ತು ಮಾರಾಯ್ತಿ, ನಂದೇ ತಪ್ಪು" ಎಂದ.