ಹೆರಿಗೆ ಚೀಲಕ್ಕೆ ಹಾಕಿದ ಹೊಲಿಗೆ

ಹೆರಿಗೆ ವಾರ್ಡಿನ ಬಾಗಿಲ ಮುಂದೆ, ಹನ್ನೊಂದು ಜನರ ಕಣ್ಣೆದುರು, ನೆಲಕ್ಕೆ ಮಂಡಿಯೂರಿ ಒಂದು ದೊಡ್ಡ ಚೀಲವನ್ನು ಹಲ್ಲಿನಿಂದ ಕಚ್ಚಿ ಎಳೆಯುತ್ತಿದ್ದ ಗಂಡಸನ್ನು ನೀವೇನಾದರೂ ನೋಡಿದ್ದರೆ, ಅವನು ನಾನೇ. ಎದುರು ಬೆಂಚಿನ ಮೇಲಿದ್ದ ಪುಟ್ಟ ಹುಡುಗಿಯೊಬ್ಬಳು "ಅಮ್ಮಾ, ಆ ತಾತಂಗೆ ಹಸಿವಾಗಿದ್ಯಾ?" ಎಂದು ಕೇಳಿದ್ದು ನನ್ನ ಕಿವಿಗೂ ಬಿತ್ತು. (ತಾತ! ಆ ಪದವಿ ನನಗೆ ಪ್ರಾಪ್ತವಾಗಿ ಆಗಿನ್ನೂ ನಾಲ್ಕು ನಿಮಿಷವಾಗಿತ್ತು. ನನ್ನನ್ನು ಮೊಟ್ಟಮೊದಲು ಹಾಗೆ ಕರೆದವಳು ಅವಳೇ.)

ಈ ಸ್ಥಿತಿಗೆ ನಾನು ಹೇಗೆ ಬಂದೆ ಎಂದು ತಿಳಿಯಬೇಕಾದರೆ ಇಪ್ಪತ್ತೇಳು ವರ್ಷ ಹಿಂದಕ್ಕೆ ಹೋಗಬೇಕು. ನನ್ನ ಹೆಂಡತಿ ಅಲ್ಲಿಗೆ ದಿನವೂ ಹೋಗಿ ಬರುತ್ತಾಳೆ. ನೀವು ಒಂದು ಸಲ ಬಂದರೆ ಸಾಕು.

ಆಗ ಹೆತ್ತವಳು ಅವಳು, ಹುಟ್ಟಿದವಳು ನನ್ನ ಮಗಳು. ನಾನು ಪಾರ್ಸೆಲ್ ಆಫೀಸಿನಲ್ಲಿದ್ದೆ. "ಬರುವಾಗ ಮಗುವಿನ ಬಟ್ಟೆ ತನ್ನಿ" ಎಂದು ಆಸ್ಪತ್ರೆಯಿಂದ ಫೋನು ಬಂತು. ನಾನು ಎದ್ದೆನೋ ಬಿದ್ದೆನೋ ಎಂದು ಮನೆಗೆ ಓಡಿ, ಅಲ್ಲಿಂದ ಆಸ್ಪತ್ರೆಗೆ ಓಡಿ, ಏದುಸಿರು ಬಿಡುತ್ತಾ ಕೈಯಲ್ಲಿದ್ದದ್ದನ್ನು ಕೊಟ್ಟೆ. ಅದು ಕೊಡೆ. ನನ್ನ ಮಗಳು ಈ ಜಗತ್ತಿನಲ್ಲಿ ಮೊದಲು ಹೊದ್ದದ್ದು ಪಕ್ಕದ ಮಂಚದ ಅಪರಿಚಿತ ಹೆಂಗಸು ಹರಿದುಕೊಟ್ಟ ಹಳೇ ಹೊದಿಕೆಯ ತುಂಡನ್ನು. ಅಂದಿನಿಂದ ನಾನು ಸೊಪ್ಪಿನ ಬದಲು ಸೋಪು ತಂದರೂ, ನಲ್ಲಿ ನಿಲ್ಲಿಸಲು ಮರೆತರೂ ತೀರ್ಪು ಒಂದೇ: "ಮಗು ಬಟ್ಟೆ ತನ್ನಿ ಅಂದ್ರೆ ಕೊಡೆ ತಂದೋರು ತಾನೇ ನೀವು!"

ಹಾಗಾಗಿ ಈಗ ಅದೇ ಮಗಳು ಬಸುರಿಯಾಗಿ ಒಂಬತ್ತು ತಿಂಗಳು ತುಂಬುತ್ತಿದ್ದಂತೆ ನಾನು ಊಟದ ಮೇಜಿನ ಮುಂದೆ ಎದ್ದು ನಿಂತು ಘೋಷಿಸಿದೆ: "ಆಸ್ಪತ್ರೆ ಚೀಲದ ಜವಾಬ್ದಾರಿ ನಂದು. ಯಾರೂ ಕೈ ಹಾಕಬೇಡಿ."

"ಕೊಡೆ ಮನೇಲೇ ಇಡಿ" ಎಂದಳು ಹೆಂಡತಿ, ತಲೆ ಎತ್ತದೆ.

ಅವಳಿಗೆ ನನ್ನ ವೃತ್ತಿಯ ಮೇಲೆ ಗೌರವವಿಲ್ಲ. ಪಾರ್ಸೆಲ್ ಆಫೀಸಿನಲ್ಲಿ ಮೂವತ್ತೊಂದು ವರ್ಷ ಗಂಟು ಕಟ್ಟಿದವನು ನಾನು. ಗೋಣಿ ಹೊಲಿಯುವ ದಪ್ಪ ಸೂಜಿ, ದಬ್ಬಳ ಅಂತೀವಲ್ಲ, ಅದನ್ನು ಹಿಡಿದು ನಾನು ಹಾಕಿದ ಹೊಲಿಗೆ ದಾರಿಯಲ್ಲಿ ಬಿಚ್ಚಿಕೊಂಡ ಉದಾಹರಣೆಯೇ ಇಲ್ಲ. ಒಂದು ಹೊಲಿಗೆ ತಪ್ಪಿದ್ದೂ ಇಲ್ಲ. ನನ್ನ ಮೇಲಧಿಕಾರಿಯೊಬ್ಬರು, "ಇವನು ಹೊಲಿದದ್ದನ್ನು ಬಿಚ್ಚೋಕೆ ಇವನೇ ಬರಬೇಕು" ಎಂದಿದ್ದರು. ಅದನ್ನು ನಾನು ಹೊಗಳಿಕೆ ಎಂದೇ ತಿಳಿದಿದ್ದೆ.

ಪಟ್ಟಿ ಬರೆದೆ. ನಲವತ್ತೊಂದು ಸಾಮಾನು. ಮಗುವಿನ ಬಟ್ಟೆಯೇ ಒಂದರಿಂದ ಎಂಟರವರೆಗೆ, ಇತಿಹಾಸ ಮರುಕಳಿಸಬಾರದಲ್ಲ. ತುಂಬಿ, ಒತ್ತಿ, ಜಿಪ್ಪು ಎಳೆದು, ಚೀಲವನ್ನು ಬಾಗಿಲ ಪಕ್ಕ ನಿಲ್ಲಿಸಿದೆ.

ಮಾರನೆಯ ದಿನ ಎಣಿಸಿದರೆ ಮೂವತ್ತೇಳು.

"ಮಾವ, ಚಾರ್ಜರ್ ಸ್ವಲ್ಪ ತಗೊಂಡಿದ್ದೆ" ಎಂದ ಅಳಿಯ. ಅವನು ಗಡಿಯಾರ ರಿಪೇರಿ ಮಾಡುವವನು. ಅವನ ಕೈಗೆ ಮುಚ್ಚಿದ್ದೆಲ್ಲ ತೆರೆಯಬೇಕು. ಟವೆಲ್ಲು ಹೆಂಡತಿಯ ಹೆಗಲ ಮೇಲಿತ್ತು. "ಒಗೆದು ಹಾಕ್ತೀನಿ ಬಿಡಿ, ಊರು ಮುಳುಗಿ ಹೋಯ್ತಾ?" ಬಿಸ್ಕತ್ತಿನ ಪೊಟ್ಟಣ ಎರಡೂ ಮಗಳ ಹೊಟ್ಟೆಯಲ್ಲಿದ್ದವು.

"ಅದು ಆಸ್ಪತ್ರೆಗೆ ಇಟ್ಟಿದ್ದು ಕಣಮ್ಮ!"

"ತಿಂದಿರೋಳೇ ತಾನೇ ಆಸ್ಪತ್ರೆಗೆ ಹೋಗೋದು? ಹೇಗೂ ತಲುಪುತ್ತೆ ಬಿಡಪ್ಪ."

ಅಂದು ಸಂಜೆ ನಾನು ನಲವತ್ತೊಂದನ್ನೂ ಮತ್ತೆ ಒಟ್ಟುಮಾಡುತ್ತಾ ಕೂತಿದ್ದಾಗ ಮಗಳು ಬಂದು, ನೆಲದ ಮೇಲೆ ಕೂರಲಾಗದೆ, ಗೋಡೆಗೊರಗಿ ನಿಂತಳು. ತುಸು ಹೊತ್ತು ನನ್ನ ಕೈಕೆಲಸ ನೋಡಿದಳು.

"ಅಪ್ಪ, ಭಯಕ್ಕೆ ಏನಾದ್ರೂ ಹಾಕಿದ್ದೀಯಾ ಇದ್ರಲ್ಲಿ?"

ನಗುತ್ತಲೇ ಕೇಳಿದಳು. ಆದರೆ ಚಿಕ್ಕವಳಿದ್ದಾಗ ಕತ್ತಲೆ ಕೋಣೆಯ ಬಾಗಿಲಲ್ಲಿ ನಿಂತು "ನೀನು ಇಲ್ಲೇ ಇರ್ತೀಯಲ್ಲ?" ಎಂದು ಕೇಳುತ್ತಿದ್ದಾಗಲೂ ಅವಳು ಹೀಗೇ ನಗುತ್ತಿದ್ದಳು. ಒಳ್ಳೆಯ ತಂದೆಯಾದವನು ಇಂಥ ಹೊತ್ತಿನಲ್ಲಿ ಎದ್ದು ತಲೆ ಸವರುತ್ತಾನೆ, ಎರಡು ಮಾತು ಆಡುತ್ತಾನೆ. ನಾನು ಪಟ್ಟಿ ನೋಡಿ, "ಟಾರ್ಚ್ ಇದೆ" ಎಂದೆ.

"ಸರಿ" ಎಂದು ಹೋದಳು.

ಅವಳು ಹೋದ ಮೇಲೆ ನನಗೆ ಹೇಳಬೇಕಾಗಿದ್ದ ಮಾತುಗಳೆಲ್ಲ ಸಾಲಾಗಿ ಬಂದು ನಿಂತವು. ಮಾತು ತಡವಾಗಿ ಬಂದಾಗ ಕೈಗೆ ಏನಾದರೂ ಕೆಲಸ ಬೇಕಲ್ಲ. ದಬ್ಬಳ ತಂದೆ, ಮೇಣ ಹಚ್ಚಿದ ದಾರ ತಂದೆ. ಜಿಪ್ಪಿನ ಮೇಲೆ ಗೋಣಿಪಟ್ಟಿ ಹೊದಿಸಿ ಈ ತುದಿಯಿಂದ ಆ ತುದಿಗೆ ಎರಡು ಸಾಲು ಹೊಲಿದೆ. ನನ್ನ ಮೂವತ್ತೊಂದು ವರ್ಷದ ಸೇವೆಯಲ್ಲಿ ಅಷ್ಟು ಮನಸ್ಸಿಟ್ಟು ಹೊಲಿದದ್ದಿಲ್ಲ. ಮೇಲೆ ಮಗಳ ಹೆಸರು, ವಾರ್ಡಿನ ವಿಳಾಸ, "ಈ ಬದಿ ಮೇಲೆ" ಎಂಬ ಬಾಣದ ಗುರುತು. ಇನ್ನು ಆಸ್ಪತ್ರೆ ತಲುಪಿದ ಮೇಲೆ ಕತ್ತರಿ ಹಿಡಿದು ಕಚಕ್ ಎಂದರೆ ಮುಗಿಯಿತು. ಕತ್ತರಿ ಪಟ್ಟಿಯಲ್ಲಿ ಮೂವತ್ತಮೂರನೆಯ ಸಾಮಾನು. ಅದು ಎಲ್ಲಿತ್ತು ಎಂಬುದು ನಿಮಗೆ ಈಗಾಗಲೇ ಹೊಳೆದಿರಬೇಕು. ನನಗೆ ಹೊಳೆಯಲಿಲ್ಲ.

ಹೆಂಡತಿ ಬಂದು ನೋಡಿ ಸೊಂಟದ ಮೇಲೆ ಕೈಯಿಟ್ಟಳು. "ಇದೇನ್ರೀ ಇದು? ಮಗಳನ್ನ ಹೆರಿಗೆಗೆ ಕಳಿಸ್ತಿದ್ದೀರೋ, ಹಡಗಿಗೆ ಏರಿಸ್ತಿದ್ದೀರೋ?"

"ಈಗ ತೆಗಿ ನೋಡೋಣ ಟವೆಲ್ಲು!" ಎಂದೆ. ಗೆಲುವು ಎಂದರೆ ಹೀಗಿರಬೇಕು.

ಎರಡು ದಿನ ಬಿಟ್ಟು ಬೆಳಿಗ್ಗೆ ನೋವು ಶುರುವಾಯಿತು. ಆಸ್ಪತ್ರೆಯ ನಿಯಮ ಖಡಾಖಂಡಿತವಾಗಿತ್ತು: ಹೆರುವವಳು ಮತ್ತು ಅವಳ ಚೀಲ ಮಾತ್ರ ಒಳಗೆ. ಗಂಡನಿಲ್ಲ, ತಾಯಿಯಿಲ್ಲ, ತಂದೆಯಂತೂ ಇಲ್ಲವೇ ಇಲ್ಲ. ಮಗಳು ಗಾಲಿಕುರ್ಚಿಯಲ್ಲಿ ಒಳಹೋಗುವಾಗ ಒಮ್ಮೆ ತಿರುಗಿ ನೋಡಿದಳು. ಚೀಲ ಅವಳ ಕಾಲ ಬಳಿ ನೆಟ್ಟಗೆ ಕೂತಿತ್ತು, ಬಾಣದ ಗುರುತು ಮೇಲಕ್ಕೆ. ಬಾಗಿಲು ಮುಚ್ಚಿತು.

ಮುಂದಿನ ಏಳು ಗಂಟೆಗಳ ಬಗ್ಗೆ ತಮಾಷೆ ಮಾಡಲು ನನಗೆ ಬರುವುದಿಲ್ಲ. ಅಳಿಯ ತನ್ನ ಕೈಗಡಿಯಾರವನ್ನು ಬಿಚ್ಚಿ ಕಟ್ಟಿ, ಕಟ್ಟಿ ಬಿಚ್ಚಿ ಮಾಡುತ್ತಿದ್ದ. ಹೆಂಡತಿ ನನ್ನನ್ನು ಒಂದು ಸಲವೂ ಬೈಯಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ.

ಕೊನೆಗೆ ಬಾಗಿಲು ತೆರೆಯಿತು. ನರ್ಸಮ್ಮ ನನ್ನ ಚೀಲವನ್ನು ದರದರ ಎಳೆದುಕೊಂಡು ಬಂದರು.

"ಯಾರು ಇದನ್ನ ಪ್ಯಾಕ್ ಮಾಡಿದ್ದು?"

ಬಹುಮಾನಕ್ಕೆ ಹೆಸರು ಕರೆದಂತೆ ಎದ್ದು ನಿಂತೆ. "ನಾನೇ ಸಿಸ್ಟರ್."

"ಹೆಣ್ಣು ಮಗು. ಇಬ್ರೂ ಚೆನ್ನಾಗಿದ್ದಾರೆ. ಮಗೂನ ಸುತ್ತೋಕೆ ಬಟ್ಟೆ ಬೇಕು, ಬೇಗ ಬಿಚ್ಚಿ."

ಹೆಂಡತಿ ಅಳತೊಡಗಿದಳು, ಅಳಿಯ ನಗತೊಡಗಿದ. ನಾನು ಮಾತ್ರ ಚೀಲದ ಮುಂದೆ ಕುಸಿದು ಕೂತೆ.

"ಸಿಸ್ಟರ್, ಒಂದು ಕತ್ತರಿ ಸಿಗುತ್ತಾ?"

"ನಮ್ಮ ಕತ್ತರಿ ಹೊಕ್ಕುಳಬಳ್ಳಿಗೆ ಯಜಮಾನ್ರೇ, ಗೋಣಿದಾರಕ್ಕಲ್ಲ. ನಿಮ್ಮ ಚೀಲದಲ್ಲಿ ಕತ್ತರಿ ಇಟ್ಟಿಲ್ವಾ?"

"ಇಟ್ಟಿದ್ದೀನಿ."

"ಮತ್ತೆ?"

"ಒಳಗಿದೆ."

ಅಳಿಯ ಬ್ಲೇಡು ತರಲು ಓಡಿದ. ನಾನು ಹಲ್ಲು ಹಚ್ಚಿದೆ. ಆ ದೃಶ್ಯ ನಿಮಗೆ ಆಗಲೇ ಗೊತ್ತು. ದಾರ ಜಗ್ಗಲಿಲ್ಲ, ಹಲ್ಲೇ ಸ್ವಲ್ಪ ಜಗ್ಗಿತು.

"ಹಲ್ಲು ಉಳಿಸ್ಕೊಳಿ ಅಣ್ಣ, ಮೊಮ್ಮಗಳಿಗೆ ತೋರಿಸ್ಬೇಕಲ್ಲ" ಎಂದು ಬೆಂಚಿನ ತುದಿಯಲ್ಲಿ ಸೊಸೆಗಾಗಿ ಕಾಯುತ್ತಿದ್ದ ಹಿರಿಯ ಹೆಂಗಸೊಬ್ಬರು ತಮ್ಮ ಕೈಚೀಲದಿಂದ ಒಂದು ಬಟ್ಟೆ ತೆಗೆದು ನರ್ಸಮ್ಮನಿಗೆ ಕೊಟ್ಟರು. ಹಳೆಯದು, ಒಗೆದು ಒಗೆದು ಮೆತ್ತಗಾದದ್ದು, ಅಂಚಿನಲ್ಲಿ ಮಾಸಿದ ಹಳದಿ ಹೂವು.

ನಾನು ಹೆಂಡತಿಯ ಕಡೆ ನೋಡುವ ಧೈರ್ಯ ಮಾಡಲಿಲ್ಲ. ಅವಳೇ ಹತ್ತಿರ ಬಂದು, ಕಣ್ಣೊರೆಸಿಕೊಂಡು, ಮೆಲ್ಲಗೆ ಹೇಳಿದಳು: "ಇರ್ಲಿ ಬಿಡಿ. ಈ ಸಲ ಬಟ್ಟೆ ತಂದಿದ್ರಿ. ಸುಧಾರಿಸಿದ್ದೀರ."

(ಅಳಿಯ ಬ್ಲೇಡಿನೊಂದಿಗೆ ಬಂದಾಗ ನನ್ನ ಮೊಮ್ಮಗಳು ಹಳದಿ ಹೂವಿನೊಳಗೆ ನಿದ್ದೆ ಹೋಗಿ ಅರ್ಧ ಗಂಟೆಯಾಗಿತ್ತು.)

ಸಂಜೆ ನನ್ನನ್ನು ಒಳಗೆ ಬಿಟ್ಟರು. ಮಗಳು ಕಣ್ಣು ಮುಚ್ಚಿ ಮಲಗಿದ್ದಳು, ಮಗು ಅವಳ ಪಕ್ಕದಲ್ಲಿ. ಕಡೆಗೂ ಬಾಯಿ ತೆರೆದಿದ್ದ ಚೀಲವನ್ನು ಮಂಚದ ಕೆಳಗೆ ತಳ್ಳಿ ಸ್ಟೂಲಿನ ಮೇಲೆ ಕೂತೆ. ಅಂದು ಹೇಳದೆ ಉಳಿದಿದ್ದ ಮಾತುಗಳು ಮತ್ತೆ ಬಂದು ನಿಂತವು, ಮತ್ತೆ ತಡವಾಗಿ. ಅವುಗಳನ್ನೆಲ್ಲ ಬಿಟ್ಟು, ಅವಳ ತಲೆ ಸವರಿ, ಸುಮ್ಮನೆ ಕೇಳಿದೆ:

"ಒಬ್ಬಳೇ ಇದ್ಯಲ್ಲ ಒಳಗೆ. ಅಷ್ಟು ಹೊತ್ತು ಹೇಗೆ ಕಳೆದೆ ಮಗಳೇ?"

ಅವಳು ಕಣ್ಣು ತೆರೆಯಲಿಲ್ಲ.

"ನೋವು ಬಂದಾಗೆಲ್ಲ ನಿನ್ನ ಹೊಲಿಗೆ ಎಣಿಸ್ತಿದ್ದೆ, ಈ ತುದಿಯಿಂದ ಆ ತುದಿಗೆ. ನೂರ ತೊಂಬತ್ತನಾಲ್ಕು. ಹಿಡಿಕೆ ಹತ್ರ ಒಂದು ಬಿಟ್ಟುಹೋಗಿದೆ ಅಪ್ಪ."