ನಮ್ಮ ಅವರೆ, ಪಕ್ಕದ ಮನೆಯ ಬಿಸಿಲು

ಬೀದರದ ಒಂದು ಪ್ರೌಢಶಾಲೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ನಾನು ವಿಜ್ಞಾನದ ಮಾಸ್ತರ. ಎಲೆ ಬಿಸಿಲನ್ನು ಉಂಡು ಆಹಾರ ತಯಾರಿಸುವ ಬಗೆಯನ್ನು ಹಲಗೆಯ ಮೇಲೆ ಬಿಡಿಸುತ್ತ ನಾನು ಸವೆಸಿದ ಸೀಮೆಸುಣ್ಣದಲ್ಲಿ ಒಂದು ಮನೆಗೆ ಸುಣ್ಣ ಬಳಿಯಬಹುದಿತ್ತು. ಹೀಗಿರುವಾಗ ಶ್ರಾವಣದಲ್ಲಿ ಸಾಯಗಾಂವದಿಂದ ಅತ್ತೆ ಸತ್ಯಮ್ಮನವರು ಚಪ್ಪರದವರೆಯ ಬೀಜ ಕಳಿಸಿದರು. ಪುಡಿಕೆ ಬಿಚ್ಚಿದವನೇ ಹೆಂಡತಿ ಅಲಕಾಳ ಎದುರು ಘೋಷಿಸಿಬಿಟ್ಟೆ:

“ಈ ಬಳ್ಳಿ ನಾ ಹಾಲ್‌ನಾಗ ಬೆಳಸ್ತೇನಿ. ದೀಪಾವಳಿಗಿ ನಿಮ್ಮವ್ವ ಬಂದಾಗ ಸೋಫಾದ ಮ್ಯಾಲ ಕೂತೇ ಕಾಯಿ ಹರೀಬೇಕು.”

ಅಲಕಾ ಹೊಲದ ಮನೆಯಲ್ಲಿ ಬೆಳೆದವಳು. “ಅವರಿ ಬಳ್ಳಿಗಿ ದಿನಾ ಆರ ತಾಸರೆ ಬಿಸಲ ಬೇಕರಿ. ಮಾಳಿಗಿ ಮ್ಯಾಲ ಇಡ್ರಿ,” ಎಂದಳು.

“ಮಾಳಿಗಿ ಮ್ಯಾಲ ಮಂಗ್ಯಾ ಬರ್ತಾವ.”

“ಮಂಗ್ಯಾಗ ಬೈದು ಕಳಸಬಹುದು. ಬಿಸಲ ಬರಲಾರದ ಹಾಲ್‌ಗಿ ಏನ ಬೈತೀರಿ?”

ಇಷ್ಟು ಹೇಳಿ ಅರ್ಧ ಬೀಜ ಎಣಿಸಿಕೊಂಡು ಹಳೆಯ ಎಣ್ಣೆ ಡಬ್ಬಿಯೊಂದಿಗೆ ಮಾಳಿಗೆ ಹತ್ತಿದಳು. ನಾನು ಹೊಸ ಕುಂಡ ತಂದು ಟೀವಿಯ ಪಕ್ಕ ಪ್ರತಿಷ್ಠಾಪಿಸಿದೆ.

ಮೊಳಕೆ ಒಡೆದ ಇಪ್ಪತ್ತು ದಿನಕ್ಕೆ ನನ್ನ ಬಳ್ಳಿ ಮೂರಡಿ. ಅವಳದು ಒಂದು ಗೇಣು. ಗೆಲುವಿನ ಫೋಟೋ ತೆಗೆದು ಅತ್ತೆಗೆ ಕಳಿಸಿದೆ. ಕೂಡಲೇ ಫೋನ್ ಬಂತು.

“ಮಾಸ್ತರ, ಅದು ಬೆಳದಿಲ್ಲರಿ. ಬೆಳಕ ಹುಡಕ್ಕೋತ ಹೊಂಟದ. ಎಲಿ ನೋಡ್ರಿ, ಕಾಮಣಿ ಆದವ್ರ ಮಾರಿ ಹಂಗ ಹಳದಿ ಆಗ್ಯಾದ.”

ಅಲಕಾ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಏನೂ ಕೇಳಿಸಲಿಲ್ಲವೆಂಬಂತೆ ಇದ್ದಳು. ಬಡಿತ ಮಾತ್ರ ಸ್ವಲ್ಪ ಜೋರಾಯಿತು.

ಅಂದಿನಿಂದ ನಾನು ಕುಂಡದ ಕೂಲಿಯಾದೆ. ಮುಂಜಾನೆ ಮಲಗುವ ಕೋಣೆ, ಮಧ್ಯಾಹ್ನ ಅಡುಗೆಮನೆ, ಸಂಜೆ ಬಚ್ಚಲಿನ ಕಿಟಕಿ. ಇಷ್ಟು ತಿರುಗಾಡಿಸಿದರೂ ಸಿಕ್ಕ ಬಿಸಿಲು ಎರಡು ತಾಸು. ಒಂದು ಭಾನುವಾರ ಹಾಲಿನಿಂದ ಕುಂಡ ಎತ್ತಿಕೊಂಡು ಹೊರಟೆ. ಬಳ್ಳಿ ಪರದೆಯನ್ನು ತಬ್ಬಿಕೊಂಡಿದ್ದು ನನಗೆ ತಿಳಿದಿರಲಿಲ್ಲ. ನಾನು ನಡೆದೆ, ಪರದೆ ಬಂತು, ಪರದೆಯ ಹಿಂದೆ ಸರಳು ಬಂತು, ಸರಳಿನ ಹಿಂದೆ ಅಂಗೈಯಗಲ ಗೋಡೆ ಬಂತು.

ಅಲಕಾ ಬಾಗಿಲಲ್ಲಿ ನಿಂತು ನೋಡಿದಳು. “ಈಗ ಬೆಳಕ ಬಂತು ನೋಡ್ರಿ,” ಎಂದಳು.

ಅವಳು ಅಂದದ್ದು ಕುಚೋದ್ಯಕ್ಕೆ. ನನಗೆ ಹೊಳೆದದ್ದು ವಿಜ್ಞಾನ. ಬಿಸಿಲು ನಮ್ಮ ಗೇಟಿನವರೆಗೆ ಬಂದು ಅಲ್ಲೇ ನಿಲ್ಲುತ್ತದೆ. ಅದನ್ನು ಒಳಗೆ ಕರೆತರಲು ಕನ್ನಡಿಯೊಂದು ಸಾಕಲ್ಲ! ಮರುದಿನ ಅಲಮಾರಿಯ ಆಳೆತ್ತರದ ಕನ್ನಡಿಯನ್ನು ಬಿಚ್ಚಿ ಗೇಟಿನ ಬಳಿ ಸ್ಟೂಲಿನ ಮೇಲೆ ನಿಲ್ಲಿಸಿದೆ. ಬಾಗಿಲಗಲದ ಬಿಸಿಲು ಕಿಟಕಿಯಿಂದ ನುಗ್ಗಿ ಅವರೆಯ ನೆತ್ತಿಗೆ ಬಿತ್ತು. ನಾನು ಎದೆಯುಬ್ಬಿಸಿ ಶಾಲೆಗೆ ಹೋದೆ. ಅಂದು ಒಂಬತ್ತನೆಯ ತರಗತಿಗೆ ಬೆಳಕಿನ ಪ್ರತಿಫಲನದ ಪಾಠ ಮಾಡಿದೆ, ಬಹಳ ಚೆನ್ನಾಗಿ ಮಾಡಿದೆ. ಹೊತ್ತು ಏರಿದಂತೆ ಕನ್ನಡಿಯ ಬಿಸಿಲೂ ಸರಿಯುತ್ತದೆ ಎಂಬುದು ಮಾತ್ರ ನೆನಪಾಗಲಿಲ್ಲ.

ಸಂಜೆ ಮನೆಗೆ ಬಂದರೆ ಪಕ್ಕದ ಮನೆಯ ಟೇಲರ್ ಮುಜೀಬೋದ್ದೀನರು ಕೈಯಲ್ಲಿ ಶೇರ್ವಾನಿ ಹಿಡಿದು ಗೇಟಿನಲ್ಲಿ ನಿಂತಿದ್ದರು.

“ಮಾಸ್ತರ್ ಸಾಬ್, ಇದು ಔರಾದದ ಮದುಮಗಂದು. ಹನ್ನೊಂದಕ್ಕ ಖಿಡಕ್ಯಾಗಿಂದ ಸೂರ್ಯ ಒಳಗ ಬಂದು ಮಷಿನ್ ಮ್ಯಾಲೇ ಕೂತ. ಕಣ್ಣ ಕಾಣಲಿಲ್ಲರಿ. ಜೇಬು ಬೆನ್ನಿಗಿ ಹೊಲದೀನಿ.”

ತಿರುಗಿಸಿ ತೋರಿಸಿದರು. ಬೆನ್ನಿನ ನಟ್ಟನಡುವೆ ಅಚ್ಚುಕಟ್ಟಾದ ಜೇಬು. ನಾನು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವರ ಹೆಂಡತಿ ಫಕ್ರುನ್ನಿಸಾ ಒಂದು ಬರಣಿ ಹಿಡಿದು ಬಂದರು.

“ಅವರ ಮಾತ ಬಿಡ್ರಿ ಭಾಯಿಜಾನ್. ನಮ್ಮ ಮನ್ಯಾಗ ಬಿಸಲೇ ಇಲ್ಲ, ನಿಂಬಿಕಾಯಿ ಅಚಾರ ಬೂಜ ಹಿಡೀಲಾಕತ್ತಿತ್ತು. ಇವತ್ತ ಎಷ್ಟ ಛಲೋ ಕಾದದ ನೋಡ್ರಿ. ನಾಳಿಗೂ ಕನ್ನಡಿ ಇಡ್ರಿ. ಹನ್ನೊಂದರಿಂದ ಒಂದರ ತನಕ ಇವರಿಗಿ ಚಾ ಕೊಟ್ಟು ಹೊರಗ ಕೂಡಸ್ತೀನಿ.”

ಮುಜೀಬೋದ್ದೀನರು ಜೇಬು ನೋಡಿದರು, ಹೆಂಡತಿಯನ್ನು ನೋಡಿದರು. “ಚಾ ಎರಡ ಸಲ ಕೊಡ್ತಿ ಏನು?” ಎಂದು ಕೇಳಿದರು. ಒಪ್ಪಂದವಾಯಿತು.

ಕನ್ನಡಿ ಅಲ್ಲೇ ಉಳಿಯಿತು. ಅಚಾರ ಮಾಗಿತು. ಅವರೆಗೆ ದಿನಕ್ಕೆ ಕಾಲು ತಾಸು ಬಿಸಿಲು ದಕ್ಕಿತು. ಅಲಕಾ ದಿನವೂ ಗೇಟಿನ ಬಳಿ ನಿಂತು ತಲೆ ಬಾಚಿಕೊಂಡಳು, ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ.

ದೀಪಾವಳಿ ಬಂತು. ಊರು ಬಿಟ್ಟಿದ್ದೇನೆ, ಸಂಜೆಯೊಳಗೆ ಮುಟ್ಟುತ್ತೇನೆಂದು ಅತ್ತೆಯ ಫೋನ್ ಬಂದಾಗ ನನ್ನ ಬಳ್ಳಿ ಒಂಬತ್ತಡಿ ಉದ್ದವಿತ್ತು. ಹೂವು ಒಂದೂ ಇರಲಿಲ್ಲ. ಮಾಳಿಗೆಯಲ್ಲಿ ಅಲಕಾಳ ಎಣ್ಣೆ ಡಬ್ಬಿ ನೇರಳೆ ಹೂವು, ಗೊಂಚಲು ಕಾಯಿ ಹೊತ್ತು ಕಾಣದಂತಾಗಿತ್ತು. ಇಷ್ಟು ದಿನದ ಬಿಸಿಲಿನ ಬಾಕಿಯನ್ನು ಒಂದೇ ಏಟಿಗೆ ಕೊಟ್ಟುಬಿಡೋಣವೆಂದು ನಡುಮಧ್ಯಾಹ್ನ ಕುಂಡ ಹೊತ್ತು ಮಾಳಿಗೆಯ ಉರಿಬಿಸಿಲಲ್ಲಿಟ್ಟೆ.

ಸಂಜೆ ಅತ್ತೆ ಬಂದು ನೋಡುವಾಗ ಎಲೆಗಳೆಲ್ಲ ಸುಟ್ಟ ಹಪ್ಪಳದಂತೆ ಬೆಳ್ಳಗೆ ಮುದುಡಿದ್ದವು.

ನಗುತ್ತಾರೆಂದುಕೊಂಡೆ. ಅವರು ನಗಲಿಲ್ಲ. ಬುಡದ ಮಣ್ಣು ಮುಟ್ಟಿ, ಕಾಂಡ ಚಿವುಟಿ ನೋಡಿದರು. “ಜೀವ ಅದ,” ಎಂದು ತಮ್ಮ ಹಳೆಯ ಸೀರೆ ತರಿಸಿ ಮೇಲೆ ಕಟ್ಟಿದರು. “ನೆರಳಾಗ ಬೆಳದಿದ್ದಕ್ಕ ಒಮ್ಮಿಗೇ ಬಿಸಲ ಕೊಡಬಾರದ್ರಿ. ಮೊದಲನೇ ದಿನ ಒಂದ ತಾಸ, ಮರದಿನ ಎರಡ ತಾಸ. ಹಂಗ ರೂಢಿ ಮಾಡಬೇಕು.”

“ಇದು ನಮ್ಮ ಪುಸ್ತಕದಾಗ ಇಲ್ಲರಿ ಅತ್ತಿ.”

“ಪುಸ್ತಕ ಕಪಾಟಿನಾಗ ಇರ್ತದಲ್ಲರಿ. ಅದಕ್ಕ ಬಿಸಲಿನ ಸುದ್ದಿ ಹ್ಯಾಂಗ ಗೊತ್ತಾಗಬೇಕು.”

ಆ ರಾತ್ರಿ ಅಲಕಾಳ ಅವರೆಕಾಯಿ ಪಲ್ಯ, ಫಕ್ರುನ್ನಿಸಾರ ಅಚಾರ, ಜೋಳದ ರೊಟ್ಟಿ. ಸೋತವನ ನಾಲಿಗೆಗೂ ರುಚಿ ತಿಳಿಯುತ್ತದೆ ಎಂಬುದಕ್ಕೆ ನಾನು ತಿಂದ ಐದು ರೊಟ್ಟಿಗಳೇ ಸಾಕ್ಷಿ.

ಮರುದಿನ ಪ್ರಾಯಶ್ಚಿತ್ತಕ್ಕೆಂದು ಅತ್ತೆಯ ಜೊತೆ ಕಾಯಿ ಹರಿಯಲು ಮಾಳಿಗೆ ಹತ್ತಿದೆ. ಬಿಸಿಲೇರುತ್ತಿದ್ದಂತೆ ಬೆವರು ಕಣ್ಣಿಗಿಳಿಯಿತು, ತಲೆ ಗಿರ್ರೆಂದಿತು. ಮೆಲ್ಲಗೆ ಸರಿದು ನನ್ನ ಬಳ್ಳಿಯ ಪಕ್ಕ, ಸೀರೆಯ ನೆರಳಲ್ಲಿ ಕುಳಿತೆ. ಅತ್ತೆ ಒಮ್ಮೆ ಬಳ್ಳಿಯನ್ನು, ಒಮ್ಮೆ ನನ್ನನ್ನು ನೋಡಿ ಮೆಟ್ಟಿಲ ಕಡೆ ಬಗ್ಗಿ ಕೂಗಿದರು:

“ಅಲಕಾ, ಮಾಸ್ತರ್ನ ಕೆಳಗ ಕರಕೊಂಡ ಹೋಗವ್ವ. ಅವರದು ಮೊದಲನೇ ದಿನದ ಒಂದ ತಾಸ ಆತು.”