ಡಾಕ್ಟರಮ್ಮನ ಬೈತಲೆ

ಮೊದಲೇ ಹೇಳಿಬಿಡುತ್ತೇನೆ, ನಾನು ಸಂಶಯದ ಹೆಂಗಸು. ಸಂತೆಯವಳು ತೂಗಿ ಕೊಟ್ಟ ಬದನೆಕಾಯಿಯನ್ನು ಮನೆಗೆ ತಂದು ಇನ್ನೊಮ್ಮೆ ತೂಗುತ್ತೇನೆ. ಗ್ಯಾಸ್ ಸಿಲಿಂಡರನ್ನು ಅಲ್ಲಾಡಿಸಿ ನೋಡದೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. "ನನ್ನನ್ನೂ ಹಿಂಗ ಅಲ್ಲಾಡಿಸಿ ನೋಡೇ ಮದಿವ್ಯಾಗಿದ್ದಿ ಏನು?" ಎಂದು ಗಂಡ ಕೇಳಿದ್ದುಂಟು. ಹುನಗುಂದದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವವಳು ನಾನು. ಯಾವ ಹುಡುಗನ ಉತ್ತರವಾದರೂ ಪೂರ್ತಿ ಸರಿಯಿದ್ದರೆ ಮೊದಲು ಅವನ ಪಕ್ಕದಲ್ಲಿ ಕೂತವನ ಪೇಪರು ತೆಗೆದು ನೋಡುತ್ತೇನೆ. ಇಂಥ ನಾನು ಬಸುರಿಯಾದಾಗ ಮಾತ್ರ ಒಂದಿಷ್ಟೂ ಅನುಮಾನಪಡದೆ ಡಾಕ್ಟರನ್ನು ಒಪ್ಪಿಕೊಂಡೆನಲ್ಲ, ಅದೇ ಆಶ್ಚರ್ಯ.

ಒಪ್ಪಿಕೊಂಡದ್ದು ನಾನಲ್ಲ, ನನ್ನ ಅವ್ವ. ಚೊಚ್ಚಲ ಹೆರಿಗೆ ತವರಿನವರದು, ಆದ್ದರಿಂದ ಡಾಕ್ಟರನ್ನು ಆರಿಸುವ ಹಕ್ಕೂ ತನ್ನದು ಎಂಬುದು ಅವಳ ವಾದ. ಇಳಕಲ್ಲಿನ ನಮ್ಮ ಓಣಿಯ ಹೆಂಗಸರೆಲ್ಲ ಬಾಗಲಕೋಟೆಯ ಒಬ್ಬ ಡಾಕ್ಟರಮ್ಮನ ಕೈಗುಣ ಹೊಗಳಿದ್ದರು. ಕೈಗುಣ ಹೇಗೆ ಅಳೆಯುತ್ತಾರೆ ಎಂದು ಕೇಳಿದೆ. "ಸಾಲಿ ಕಲತ ಕೂಡ್ಲೇ ಎಲ್ಲಾ ಅಳಿಯಾಕ ಹೋಗಬ್ಯಾಡ, ಸುಮ್ನ ನಡಿ" ಎಂದಳು ಅವ್ವ. ನಡೆದೆ.

ಮೊದಲ ಸಲ ಹೋದಾಗ ಏನೂ ಅನಿಸಲಿಲ್ಲ. ಎರಡನೆಯ ಸಲ ಏನೋ ಒಂದು ಕಸಿವಿಸಿ. ಮೂರನೆಯ ಸಲ ಹೊಳೆಯಿತು: ಈಕೆ ಇದುವರೆಗೆ ನನ್ನ ಮುಖ ನೋಡಿಯೇ ಇಲ್ಲ. ಡಾಕ್ಟರಮ್ಮ ಬಗ್ಗಿಸಿದ ತಲೆ ಎತ್ತುತ್ತಿರಲಿಲ್ಲ. ಒಮ್ಮೆ ಕಾಗದದ ಮೇಲೆ, ಒಮ್ಮೆ ಕಂಪ್ಯೂಟರಿನ ಮೇಲೆ, ಉಳಿದಂತೆ ಫೋನಿನ ಮೇಲೆ. ಮೂಗು ಬಾಯಿಗೆ ಸದಾ ಮಾಸ್ಕು. ನನಗೆ ಕಾಣುತ್ತಿದ್ದುದು ಅವರ ಬೈತಲೆ ಒಂದೇ. ನಡುವಿನಿಂದ ಹೊರಟು ಕೊಂಚ ಎಡಕ್ಕೆ ವಾಲಿದ ಬೈತಲೆ, ಅದರ ಪಕ್ಕದಲ್ಲಿ ಬೆರಳಗಲದ ಒಂದು ಬಿಳಿ ಕೂದಲಿನ ಪಟ್ಟಿ. ಆ ಬೈತಲೆಯೇ ನನಗೆ, "ಎಷ್ಟು ತಿಂಗಳು? ಊಟ ಹೋಗ್ತೈತಿ? ಎಲ್ಲಾ ನಾರ್ಮಲ್ ಐತಿ. ಸಿಸ್ಟರ್, ಮುಂದಿನವ್ರು" ಎಂದು ಹೇಳಿ ಕಳಿಸುತ್ತಿತ್ತು.

ಒಂದು ಸಲ, "ಹೋದ ಸಲ ಹೇಳೇನಲ್ಲ, ಸಕ್ಕರಿ ಬಿಡ್ರಿ ಅಂತ" ಎಂದು ಗದರಿಸಿದರು. ಹೋದ ಸಲ ನನಗೆ ಹಾಗೇನೂ ಹೇಳಿರಲಿಲ್ಲ. ಅದು ಇನ್ಯಾರದೋ ಸಕ್ಕರೆ. ನಾನು ಬಾಯಿ ತೆರೆಯುವ ಮೊದಲೇ ಅವ್ವ "ಆತ್ರಿ" ಎಂದುಬಿಟ್ಟಳು. ಅಲ್ಲಿಂದ ಮನೆಯಲ್ಲಿ ನನ್ನ ಪಾಲಿನ ಹೋಳಿಗೆ ಗಂಡನ ತಾಟಿಗೆ ಹೋಗತೊಡಗಿತು. ಯಾರದೋ ಸಕ್ಕರೆ ನನಗೆ ಬಂದಿದ್ದರೆ ನನ್ನ ರಕ್ತದ ಚೀಟಿ ಯಾರಿಗೆ ಹೋಗಿದೆಯೋ ಎಂಬ ಯೋಚನೆ ನನಗೆ.

ಡಾಕ್ಟರಮ್ಮನಿಗೆ ಮಗಳ ಗುರುತು ಹತ್ತಲಿ ಎಂದು ಅವ್ವ ಒಂದು ಉಪಾಯ ಮಾಡಿದಳು. ಪ್ರತಿ ಸಲ ದಾರಿಯಲ್ಲಿ ಅಮೀನಗಡದಲ್ಲಿ ಇಳಿದು ಕರದಂಟಿನ ಡಬ್ಬಿ ಕೊಂಡು ಮೇಜಿನ ಮೇಲಿಡುತ್ತಿದ್ದಳು. ಬೈತಲೆ ಅಲುಗಾಡದೆ, "ಸಿಸ್ಟರ್, ತಗೋರಿ" ಎಂದು ಡಬ್ಬಿಯನ್ನು ಪಕ್ಕಕ್ಕೆ ಸರಿಸುತ್ತಿತ್ತು. ಹೀಗಾಗಿ ನರ್ಸಮ್ಮನಿಗೆ ನಮ್ಮ ಗುರುತು ಚೆನ್ನಾಗಿ ಹತ್ತಿತು.

ಏಳನೆಯ ತಿಂಗಳಲ್ಲಿ ಸೀಮಂತದ ಕುಬಸ ಮಾಡಿದರು. ಹಸಿರು ಸೀರೆ, ಮೊಳಕೈವರೆಗೆ ಹಸಿರು ಬಳೆ. ಅವ್ವ ಪರಿಚಯದ ನೇಕಾರರ ಮನೆಯಿಂದ ಒಂದೇ ಹಾಸಿನಲ್ಲಿ ನೇಯ್ದ ಒಂದೇ ಹಸಿರಿನ ಎರಡು ಸೀರೆ ತಂದಿದ್ದಳು, ನನಗೊಂದು, ತನಗೊಂದು. ಮುಂದಿನ ಸಲ ಇಬ್ಬರೂ ಅವನ್ನೇ ಉಟ್ಟು ಹೋದೆವು. ದವಾಖಾನೆಯ ಬೆಂಚಿನ ಮೇಲೆ ನೋಡಿದರೆ ಇಡೀ ಜಿಲ್ಲೆಯ ಕುಬಸ ಮುಗಿಸಿದವರೆಲ್ಲ ಹಸಿರುಟ್ಟು ಕೂತಿದ್ದಾರೆ. ನಮ್ಮ ಸರದಿ ಬಂತು. ಅವ್ವ ನನಗಿಂತ ಒಂದು ಹೆಜ್ಜೆ ಮುಂದಿದ್ದಳು. ಡಾಕ್ಟರಮ್ಮ ಕಾಗದದಿಂದ ಕಣ್ಣೆತ್ತದೆ, ಹಸಿರು ಸೆರಗು ಕಂಡಷ್ಟಕ್ಕೇ, "ಮ್ಯಾಲೆ ಹತ್ತಿ ಮಲಗ್ರಿ" ಎಂದರು. ಅವ್ವ ಚಪ್ಪಲಿ ಬಿಟ್ಟು, ಸೆರಗು ಸರಿಮಾಡಿಕೊಂಡು, ತಪಾಸಣೆಯ ಮೇಜು ಹತ್ತಿ ಮಲಗಿಬಿಟ್ಟಳು!

ಡಾಕ್ಟರಮ್ಮ ಬಂದು ಹೊಟ್ಟೆಯ ಮೇಲೆ ಕೈಯಿಟ್ಟರು. ಇಟ್ಟ ಕೈ ಹಾಗೇ ನಿಂತಿತು. ನರ್ಸಮ್ಮ ಗೋಡೆಯ ಕಡೆ ತಿರುಗಿ ಕೆಮ್ಮತೊಡಗಿದರು. "ಇವ್ರ್ಯಾರು?" ಎಂದರು ಡಾಕ್ಟರಮ್ಮ.

"ನಾ ಆಕಿ ಅವ್ವರಿ" ಎಂದಳು ಅವ್ವ, ಮಲಗಿದಲ್ಲಿಂದಲೇ. "ನೀವು ಮಲಗು ಅಂದ್ರಿ. ಡಾಕ್ಟರು ಹೇಳಿದ ಮ್ಯಾಲೆ ಒಲ್ಲೆ ಅನ್ನಾಕ ಬರ್ತೈತೇನ್ರಿ?"

ಮಾಸ್ಕಿನ ಹಿಂದೆ ಡಾಕ್ಟರಮ್ಮ ನಕ್ಕಿರಬೇಕು. "ಹೆರಿಗಿ ಹೊತ್ತಿಗೆ ನಾನೇ ಇರ್ತೇನಿ, ಏನೂ ಹೆದರಬ್ಯಾಡ್ರಿ" ಎಂದರು. ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಆದರೆ ಆಗ ಅವರ ಕೈ ಇದ್ದದ್ದು ಅವ್ವನ ಹೊಟ್ಟೆಯ ಮೇಲೆ. ಭರವಸೆ ಕೊಟ್ಟದ್ದು ಯಾರಿಗೆ ಎಂಬ ಸಂಶಯ ನನಗೆ ಇವತ್ತಿಗೂ ಉಳಿದಿದೆ.

ಹೆರಿಗೆಯ ದಿನ ಅವರು ಇರಲಿಲ್ಲ. ಬೆಳಿಗ್ಗೆ ನೋವು ಶುರುವಾಯಿತು, ಕಾರು ಮಾಡಿಕೊಂಡು ಬಾಗಲಕೋಟೆ ಮುಟ್ಟಿದೆವು. "ಮೇಡಂ ಎಲ್ಲಿ?" ಎಂದು ಕೇಳಿದಾಗೆಲ್ಲ, "ದಾರ್ಯಾಗದಾರ ನೋಡ್ರಿ, ಬಂದೇಬಿಟ್ರು" ಎಂದು ನರ್ಸಮ್ಮ ಹೇಳುತ್ತಿದ್ದರು. ಆ ದಾರಿ ಎಷ್ಟು ಉದ್ದವಿತ್ತೋ. ಕೊನೆಗೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಮತ್ತು ಕರದಂಟು ತಿಂದ ನರ್ಸಮ್ಮ ಸೇರಿ ನನ್ನ ಮಗಳನ್ನು ಈ ಲೋಕಕ್ಕೆ ತಂದರು. ನನಗೆ ಹೆದರಿಕೆಯಾಗಿತ್ತು, ಭಾಳ ಹೆದರಿಕೆ. ನಾನೇ ಇರ್ತೇನಿ ಎಂದವರಿಗಾಗಿ ಬಾಗಿಲ ಕಡೆ ನೋಡಿ ನೋಡಿ ಕುತ್ತಿಗೆ ನೋಯುತ್ತಿತ್ತು. ಎಲ್ಲಾ ಮುಗಿದ ಮೇಲೆ ಡಾಕ್ಟರಮ್ಮ ಬಂದು ಕೂಸಿನ ಮೇಲೆ ಬಗ್ಗಿದರು. "ನಾರ್ಮಲ್ ಆತಲ್ಲ, ಭಾಳ ಛಲೋ ಆತು" ಎಂದರು. ನಾನು ಎಂದಿನಂತೆ ಬೈತಲೆ ನೋಡಿದೆ. ಬಿಳಿ ಪಟ್ಟಿಯಲ್ಲಿ ಅಕ್ಕಿಕಾಳು ಎರಡು ಅರಿಶಿನ ಹಚ್ಚಿಕೊಂಡು ಕೂತಿದ್ದವು. ಬಾದಾಮಿಯಲ್ಲೋ ಇನ್ನೆಲ್ಲೋ ಯಾರದೋ ಮದುವೆಯ ಅಕ್ಷತೆ. ಸಿಟ್ಟು ಬಂತು, ಆದರೆ ಸಿಟ್ಟಾಗಲು ಮೈಯಲ್ಲಿ ತ್ರಾಣವಿರಲಿಲ್ಲ.

ಆಮೇಲೆ ಇಳಕಲ್ಲಿನ ಬಾಣಂತಿ ಕೋಣೆ. ಕಿವಿಗೆ ಬಟ್ಟೆ, ಹೊರಸಿನ ಕೆಳಗೆ ಕೆಂಡ, ಹೊತ್ತು ಹೊತ್ತಿಗೆ ಅಂಟಿನ ಉಂಡಿ. ಎಲ್ಲಾ ಇತ್ತು. ಅದರ ಜೊತೆಗೆ ನನಗೊಂದು ಅಳು ಅಂಟಿಕೊಂಡಿತು. ಹಾಲು ಉಕ್ಕಿದರೆ ಅಳು, ಉಕ್ಕದಿದ್ದರೂ ಅಳು. ಕೂಸು ಮಲಗಿದಾಗಲೂ ನನಗೆ ನಿದ್ದೆಯಿಲ್ಲ. ಬಂದವರೆಲ್ಲ ಕೂಸಿನ ಮೂಗು ಯಾರ ಹಾಗಿದೆ ಎಂದು ಜಗಳಾಡಿ ಹೋಗುತ್ತಿದ್ದರು. "ಬಾಣಂತಿ ಅಂದ್ರ ಹಂಗ ಇರ್ತೈತಿ ಯವ್ವಾ" ಎನ್ನುತ್ತಿದ್ದಳು ಅವ್ವ. ನೀ ಹೆಂಗದೀ ಎಂದು ಯಾರಾದರೂ ಒಮ್ಮೆ ಕೇಳಲಿ ಎಂದು ಕಾಯುತ್ತಿದ್ದೆ. ಡಾಕ್ಟರಮ್ಮನಿಗೆ ಹೇಳೋಣ, ಅದು ಅವರ ಕೆಲಸವೇ ಅಲ್ಲವೆ ಎಂದುಕೊಂಡು ಮಾತುಗಳನ್ನು ಬಾಯಿಪಾಠ ಮಾಡಿ ತಪಾಸಣೆಗೆ ಹೋದೆ.

"ಕೂಸು ಹಾಲು ಕುಡಿತೈತಿ?"

"ಹೂಂರಿ."

"ಹೊಲಿಗಿ ನೋವೈತಿ?"

"ಇಲ್ರಿ. ಆದ್ರ ನನಗೊಂದು..."

"ಎಲ್ಲಾ ನಾರ್ಮಲ್ ಐತಿ. ಸಿಸ್ಟರ್, ಮುಂದಿನವ್ರು."

ಗಂಡ ಹೊರಗೆ ಗಂಡಸರ ಬೆಂಚಿನಲ್ಲಿ ಕೂತಿದ್ದ. "ಏನಂದ್ರು?" ಎಂದ. "ನಾರ್ಮಲ್ ಅಂತ" ಎಂದೆ. ಅಮೀನಗಡ ಬರುವವರೆಗೆ ಬಸ್ಸಿನ ಕಿಟಕಿಗೆ ಮುಖ ಮಾಡಿ ಅತ್ತೆ. ಅವನು ಪಾಪ, ಇಳಿದು ಹೋಗಿ ಕರದಂಟು ತಂದ.

ಈಚೆಗೆ ಕೂಸನ್ನು ಸಂಗಮನಾಥನಿಗೆ ತೋರಿಸಲು ಕೂಡಲಸಂಗಮಕ್ಕೆ ಹೋಗಿದ್ದೆವು. ಪ್ರಸಾದಕ್ಕೆ ಸಾಲಿನಲ್ಲಿ ಕೂತೆವು. ನನ್ನ ಒಂದು ಪಕ್ಕ ಗಂಡ, ಇನ್ನೊಂದು ಪಕ್ಕ ಗುರುತಿಲ್ಲದ ಒಬ್ಬ ಹೆಂಗಸು, ದುಂಡು ಮುಖ, ತುಂಬು ನಗು. ಕೂತಾಗಿನಿಂದ ನನ್ನನ್ನೇ ನೋಡುತ್ತಿದ್ದಳು. ಯಾರಾದರೂ ಹೀಗೆ ನೋಡಿದರೆ ನನ್ನ ಸಂಶಯ ಎದ್ದು ಕೂರುತ್ತದೆ. ಕೂಸಿನ ಉಡದಾರವನ್ನು ಸೆರಗಿನೊಳಗೆ ಮುಚ್ಚಿದೆ.

"ಕೂಸು ಛಲೋ ಬೆಳದೈತಿ" ಎಂದಳು ಆಕೆ. "ನೀವು ಹೆಂಗದೀರಿ? ನಿದ್ದಿ ಬರ್ತೈತೇನು? ಸುಮ್ಮಸುಮ್ಮನ ಅಳು ಬರೂದು, ಹಂಗೇನರ ಐತೇನು?"

ಟಾನಿಕ್ ಮಾರುವವಳು ಎಂದು ನನಗೆ ಖಾತ್ರಿಯಾಯಿತು. ಹ್ಞೂಂ ಎಂದರೆ ಚೀಲದಿಂದ ಡಬ್ಬಿ ತೆಗೆಯುತ್ತಾಳೆ. ನಾನು ಹುಗ್ಗಿಯಿಂದ ತಲೆ ಎತ್ತದೆ, "ಎಲ್ಲಾ ನಾರ್ಮಲ್ ಐತ್ರಿ" ಎಂದೆ.

"ಛಲೋ ಆತು ಬಿಡ್ರಿ" ಎಂದು ಆಕೆ ತನ್ನ ತಾಟಿನ ಮೇಲೆ ಬಗ್ಗಿದಳು.

ಆಗ ಕಂಡಿತು. ಕೊಂಚ ಎಡಕ್ಕೆ ವಾಲಿದ ಬೈತಲೆ, ಪಕ್ಕದಲ್ಲಿ ಬೆರಳಗಲದ ಬಿಳಿ ಪಟ್ಟಿ.

ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಬಾಯಿಪಾಠ ಮಾಡಿದ ಮಾತುಗಳೆಲ್ಲ ನೆನಪಿಗೆ ಬಂದವು. ಆದರೆ ಎಲ್ಲಿಂದ ಶುರುಮಾಡಲಿ ಎಂದು ನಾನು ಯೋಚಿಸುವಷ್ಟರಲ್ಲಿ ಡಾಕ್ಟರಮ್ಮ ಉಂಡು, ಕೂಸಿನ ಗಲ್ಲ ಮುಟ್ಟಿ, ಎದ್ದು ಹೋದರು. ನನ್ನ ಗುರುತು ಹಿಡಿದು ಕೇಳಿದರೋ, ದವಾಖಾನೆಯ ಹೊರಗೆ ಕೂಸು ಹೊತ್ತವರು ಯಾರು ಕಂಡರೂ ಹಾಗೆ ಕೇಳುತ್ತಾರೋ, ಗೊತ್ತಿಲ್ಲ. ನನ್ನ ಸಂಶಯ ಎರಡೂ ಕಡೆ ಇದೆ.

"ಯಾರಕಿ?" ಎಂದ ಗಂಡ.

"ಯಾರೋ ಏನೋ, ಟಾನಿಕ್ ಮಾರಾಕಿ ಇರಬೇಕ್ರಿ" ಎಂದೆ. ಕಣ್ಣೀರು ತಾಟಿನಲ್ಲಿ ಬಿತ್ತು.

"ಮತ್ಯಾಕ ಅಳಾಕತ್ತಿ?"

"ಖಾರ ಹತ್ತಿತ್ರಿ."

ಅವನು ನನ್ನ ತಾಟು ನೋಡಿದ. ಅದರಲ್ಲಿದ್ದದ್ದು ಬೆಲ್ಲದ ಗೋದಿ ಹುಗ್ಗಿ ಒಂದೇ. ಬೆರಳಿನಿಂದ ಒಂದಿಷ್ಟು ತೆಗೆದುಕೊಂಡು ನೆಕ್ಕಿ ನೋಡಿದ. ಮದುವೆಯಾದಾಗಿನಿಂದ ಮೊದಲ ಬಾರಿಗೆ ನನ್ನ ಗಂಡ ನನ್ನನ್ನು ಸಂಶಯದಿಂದ ನೋಡಿದ್ದು ಅವತ್ತೇ.